ಉಳಿದ ಒಂದೂವರೆ ಗಂಟೆ

"ಅಕ್ಕಾ, ಮುಗೀತು!" ಎಂದು ಕೆಲಸದವಳು ನೆಲ ಒರೆಸುವ ಬಟ್ಟೆ ಹಿಂಡಿದ ರಭಸಕ್ಕೆ ಏಳು ಕೆರೆಯ ನೀರು ಹರಿದಿರಬೇಕು. ನಾಲ್ಕು ಗಂಟೆಯ ಕೆಲಸವನ್ನು ಎರಡೂವರೆಯಲ್ಲೇ ಮುಗಿಸಿದ್ದಳು. ನೆಲದ ಮೇಲೆ ಕೂತ ನೊಣ ಜಾರಿಬಿದ್ದು ಸೊಂಟ ಮುರಿದುಕೊಂಡಿತು. ಸುಳ್ಳೆನ್ನುವವರು ಆ ನೊಣವನ್ನೇ ಕೇಳಲಿ. ಮನೆಯೊಡತಿಯನ್ನು ಮೆಚ್ಚಿಸಿ, ಮೂರು ವರ್ಷದಿಂದ ಅಲುಗಾಡದ ಸಂಬಳವನ್ನು ಇವತ್ತು ಏರಿಸಿಕೊಳ್ಳಲೇಬೇಕೆಂಬುದು ಅವಳ ಹಟ.

ಮನೆಯೊಡತಿ ನೆಲ ನೋಡಲಿಲ್ಲ, ಗಡಿಯಾರ ನೋಡಿದಳು. "ಅಬ್ಬಬ್ಬಾ, ನಿಂದೇನು ಕೈಯೋ ಬಿರುಗಾಳಿಯೋ!"

ಕೆಲಸದವಳು ಹಿಗ್ಗಿದ ಹಿಗ್ಗಿಗೆ ಬಾಗಿಲು ಸಾಲದಾಯಿತು. "ಅದಕ್ಕೇ ಅಕ್ಕಾ, ಸಂಬಳ ಒಂಚೂರು..."

"ನಾಲ್ಕು ಗಂಟೆಗೆ ಕೊಡ್ತಾನೇ ಇದೀನಲ್ಲಮ್ಮ. ಇನ್ನೂ ಒಂದೂವರೆ ಗಂಟೆ ಉಳೀತು ನೋಡು. ಮಹಡಿ ಮೇಲೆ ನನ್ನ ತಂಗಿ ಮನೇನೂ ದಿನಾ ಒರೆಸಿಬಿಡು."

"ಇವತ್ತೇನೋ ಜೀವ ಬಿಟ್ಟು ಓಡಾಡಿದೆ ಅಕ್ಕಾ, ದಿನಾ ಆಗಲ್ಲ."

"ಆಗತ್ತೆ ಬಿಡೇ, ಕಣ್ಣಾರೆ ನೋಡಿದೆನಲ್ಲ!"

ಬೆಟ್ಟವನ್ನೇ ಉಜ್ಜಿ ಬಯಲು ಮಾಡಬಲ್ಲ ಕೈಗೆ ಖಾಲಿ ಬಕೆಟ್ಟೂ ಭಾರವಾಯಿತು. ಅವಳು ಮೆಟ್ಟಿಲು ಹತ್ತಿದಳು. ತಂಗಿಯ ಮನೆಯ ಬಾಗಿಲು ತೆರೆದೇ ಇತ್ತು. ನೆಲ ಒರೆಸಲು ಅನುಕೂಲವಾಗಲೆಂದು ಕುರ್ಚಿಗಳನ್ನೆಲ್ಲ ಆಗಲೇ ಮೇಜಿನ ಮೇಲೆ ಎತ್ತಿಟ್ಟಿದ್ದರು.