ಒಂಬತ್ತನೆಯವಳು

“ಎಂಟು” ಎಂದು ಕೂಗಿ ಅರ್ಲೀನ್ ಎತ್ತಿದ ಕೈ ಇಳಿಸಲಿಲ್ಲ. ಅವಳ ನಂತರ ಕೂಗಲು ಆ ಮೂಲೆಯಲ್ಲಿ ಯಾರೂ ಇರಲಿಲ್ಲ. ಅಮೆರಿಕದ ಅಯೋವಾದಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಗೆ ಮತ ಹಾಕುವುದೆಂದರೆ ಗುಟ್ಟಿನ ಚೀಟಿಯಲ್ಲ. ಶಾಲೆಯ ಜಿಮ್ಮಿನಲ್ಲಿ, ಎಲ್ಲರ ಕಣ್ಣೆದುರು, ಮೆಚ್ಚಿದವರ ಮೂಲೆಗೆ ಹೋಗಿ ನಿಂತು, ಒಬ್ಬೊಬ್ಬರಾಗಿ ಎಣಿಕೆ ಕೂಗಬೇಕು. ಎರಡು ಸುತ್ತಿನೊಳಗೆ ಒಂಬತ್ತು ಜನರಾಗದ ಮೂಲೆ ಲೆಕ್ಕಕ್ಕಿಲ್ಲ. ಮಾಂಸದ ಕಾರ್ಖಾನೆಗಳ ಬೆಲ್ಟಿನ ವೇಗ ತಗ್ಗಿಸುತ್ತೇನೆ ಎಂದಿದ್ದವಳು ಸೆನೆಟರ್ ಹ್ಯಾಲರನ್ ಒಬ್ಬಳೇ; ಅರ್ಲೀನ್ ನಿಂತಿದ್ದು ಅವಳ ಮೂಲೆಯಲ್ಲಿ. ಈ ಊರಿನ ಕಾರ್ಖಾನೆಯ ಬೆಲ್ಟು ಈ ಚಳಿಗಾಲದಲ್ಲೇ ಮೂವರ ಬೆರಳು ತಿಂದಿತ್ತು.

ಎದುರು ಮೂಲೆಯಿಂದ ಕಾರ್ಖಾನೆಯ ಸೂಪರ್‌ವೈಸರ್ ಡ್ವೇನ್ ನಕ್ಕ. “ಅರ್ಲೀನ್, ನಿಮ್ಮ ಸೆನೆಟರಮ್ಮ ಮೊದಲನೇ ಸುತ್ತಲ್ಲೇ ಮನೆಗೆ ಅಂತ ನಿನ್ ಗಂಡನೇ ಪೇಪರಲ್ಲಿ ಬರ್ದಿದ್ನಲ್ಲೇ! ಕಟ್ಕೊಂಡೋನ ಮಾತೂ ಕೇಳಲ್ವಾ?” ಅವನ ಹಿಂದೆ ನಿಂತಿದ್ದ ಕಾರ್ಖಾನೆಯ ಹೆಂಗಸರು ನೆಲ ನೋಡಿದರು. “ಏಳು” ಎಂದು ಕೂಗಿ ಹೆಂಡತಿಯ ಪಕ್ಕದಲ್ಲೇ ನಿಂತಿದ್ದ ವರ್ನನ್‌ಗೆ ಮುಖವೆತ್ತಲಾಗಲಿಲ್ಲ. ಯಾರು ಗೆಲ್ಲುತ್ತಾರೆಂದು ಅವನು ಪೇಪರಿನಲ್ಲಿ ಬರೆಯುವ ಅಂದಾಜು ಇಪ್ಪತ್ತು ವರ್ಷದಿಂದ ತಪ್ಪಿರಲಿಲ್ಲ. ಅದನ್ನೋದಿ ಊರಿಗೆ ಊರೇ ಗೆಲ್ಲುವವರ ಕಡೆ ನಿಲ್ಲುವುದನ್ನು ಕಲಿತಿತ್ತು.

“ಎರಡನೇ ಸುತ್ತು. ಜಾಗ ಬದಲಾಯಿಸೋರು ಬದಲಾಯಿಸಿ” ಎಂದರು ಸಭೆ ನಡೆಸುತ್ತಿದ್ದ ಅಧ್ಯಕ್ಷರು. ಡ್ವೇನನ ಬೆನ್ನ ಹಿಂದಿನಿಂದ, ಮೂಳೆ ಬಿಡಿಸುವ ಕೆಲಸದ ಮುದುಕಿ ಗೋಲ್ಡಿ ಈಚೆ ಬಂದಳು.

“ಎಲ್ಲಿಗೆ ಗೋಲ್ಡಿ?” ಎಂದ ಡ್ವೇನ್.

“ನಿನ್ನ ಕೇಳ್ಕೊಂಡು ಹೋಗೋಕೆ ಇದೇನು ಕಾರ್ಖಾನೆ ಬಾತ್‌ರೂಮಾ?” ಎಂದು ಗೋಲ್ಡಿ ಜಿಮ್ಮನ್ನು ನಿಧಾನವಾಗಿ ದಾಟಿ ವರ್ನನ್‌ನ ಭುಜ ತಟ್ಟಿದಳು. “ಮುಖ ಯಾಕಪ್ಪಾ ಹಂಗೆ? ನೀನು ಬರ್ದಿದ್ದು ಮೊದಲನೇ ಸುತ್ತಿಗೆ ತಾನೆ? ಅದು ಮುಗೀತು.” ಆಮೇಲೆ ಜಿಮ್ಮೆಲ್ಲ ಕೇಳುವಂತೆ “ಒಂಬತ್ತು” ಎಂದಳು. ವರ್ನನ್ ಉಸಿರು ಬಿಡುವಷ್ಟರಲ್ಲಿ, ಅವಳ ಹಿಂದೆಯೇ ಬಂದವಳೊಬ್ಬಳು “ಹತ್ತು” ಎಂದಳು.