ಏಳೂ ಹನ್ನೆರಡರ ಹೆಜ್ಜೆ

“ಟೀಚರ್, ಲಗೂ ಬರ್ರಿ!” ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಹೂ ಮಾರುವ ಮೆಹಬೂಬ್‌ಸಾಬ್ ದೂರದಿಂದಲೇ ಕೂಗಿದ. “ನಾ ಹಾರ ಕಟ್ಟಕೋತ ಕುಂತಿದ್ದೆ. ಬೆನ್ನ ಹಿಂದ ಮೊಮ್ಮಗಳು ಮೊದಲನೇ ಹೆಜ್ಜಿ ಇಟ್ಳಂತ್ರಿ!”

“ಎಷ್ಟೊತ್ತಿಗೆ?”

“ಏಳೂ ಹನ್ನೆರಡಕ್ಕ.”

ಈಗ ಎಂಟೂ ಹನ್ನೊಂದು. ಯಾರ ಕ್ಯಾಮೆರಾ ಆದರೂ ಹಿಡಿಯುವುದು ಆ ಜಾಗದಲ್ಲಿ ಸರಿಯಾಗಿ ಒಂದು ತಾಸಿನ ಹಿಂದೆ ನಡೆದದ್ದನ್ನು ಮಾತ್ರ. ಅರವತ್ನಾಲ್ಕರ ನೀಲಗಂಗಾ ಟೀಚರ್ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದರು. ನಿವೃತ್ತಿಯ ದಿನ ಬಿಚ್ಚಿಟ್ಟಿದ್ದ ಕೈಗಡಿಯಾರವನ್ನು ಅವರು ಮತ್ತೆ ಕಟ್ಟಿದ್ದು ಈ ಕ್ಯಾಮೆರಾ ಕೊಂಡ ಮೇಲೆಯೇ.

ಮೆಹಬೂಬ್‌ಸಾಬ್ ಹೂ ಮಾರಲು ಕೂರುವ, ಈಗ ಖಾಲಿಯಿದ್ದ ಕಟ್ಟೆಯ ಮುಂದೆ ಮಂಡಿಯೂರಿ, ಎಂಟೂ ಹನ್ನೆರಡಾದೊಡನೆ ಗುಂಡಿ ಒತ್ತಿದರು. ಪರದೆಯಲ್ಲಿ ಹೂಬುಟ್ಟಿಯಿಂದ ಬಿಡಿಸಿಕೊಂಡ ಪುಟ್ಟ ಕೈ, ಮೇಲೆತ್ತಿದ ಒಂದು ಕಾಲು, ಆಚೆ ಬೆನ್ನು ಮಾಡಿ ಕುಳಿತ ಅಜ್ಜ.

“ನನ್ನ ಕಡೀಗೇ ಬರಾಕತ್ತಾಳ್ರಿ!” ಮೆಹಬೂಬ್‌ಸಾಬ್ ಕಣ್ಣೊರೆಸಿಕೊಂಡ.

ಇಣುಕಿ ನೋಡಿದ ಚಹಾದಂಗಡಿಯ ಗಂಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಡುರಸ್ತೆಯಲ್ಲಿ ಕುಣಿಯತೊಡಗಿದಳು. “ಟೀಚರ್, ಒಂದು ತಾಸು ಬಿಟ್ಟು ನನ್ನ ಫೋಟೋ ಹಿಡೀರಿ!”

“ಹಿಡೀತೀನಿ, ನೀ ಕುಣಿ!”

ಅಂಗೈ ಮೇಲೆ ಬರೆದುಕೊಂಡಿದ್ದ ಹೆಸರು, ವೇಳೆಗಳ ಕೆಳಗೆ ಟೀಚರ್ ಇನ್ನೊಂದು ಸಾಲು ಸೇರಿಸಿದರು: ಗಂಗವ್ವ, ಒಂಬತ್ತೂ ಹದಿನಾಲ್ಕು. ಅಂಗೈ ತುಂಬಿಹೋಗಿತ್ತು. ನಗುತ್ತ, ಮುಂದಿನ ಹೆಸರಿಗೆಂದು ಕೈ ಮಗುಚಿದರು.