ಬೀರಲಿಂಗಯ್ಯನ ಮುಯ್ಯಿ

ದಾಸಮ್ಮನ ಮನೆಯ ರೇಷ್ಮೆಹುಳಗಳೆಲ್ಲ ಒಂದೇ ಬೆಳಿಗ್ಗೆ ಹಣ್ಣಾಗಿಬಿಟ್ಟವು. ಸೊಪ್ಪು ಮುಟ್ಟದೆ, ಮೈ ಹಳದಿಯಾಗಿ, ತಲೆಯೆತ್ತಿ ಆಡಿಸುತ್ತಿದ್ದವು. ಸಂಜೆಯೊಳಗೆ ಒಂದೊಂದನ್ನೂ ಕೈಯಲ್ಲಿ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ, ತಟ್ಟೆಯ ಕಸದಲ್ಲೇ ಗೂಡು ಸುತ್ತಿ ಹಾಳಾಗುತ್ತವೆ. ತಿಂಗಳ ದುಡಿಮೆ ಒಂದೇ ಹಗಲಿನಲ್ಲಿ ಮಣ್ಣುಪಾಲು. ಅವಳ ಲೆಕ್ಕದಲ್ಲಿ ಮನೆಯಲ್ಲಿದ್ದದ್ದು ಎರಡೇ ಕೈ.

ಸೋಲೂರಿನ ಸುತ್ತಿನ ಹಳ್ಳಿಗಳಲ್ಲಿ ಅದು ಮನೆಮನೆಗೂ ಹುಳ ಹೊಕ್ಕಿದ್ದ ಕಾಲ. ಜನಕ್ಕೆ ಮಲಗಲು ಜಾಗವಿಲ್ಲದಿದ್ದರೂ ಹುಳದ ತಟ್ಟೆಗೆ ಇರುತ್ತಿತ್ತು. ಹಣ್ಣಾದ ದಿನ ಕೂಲಿಯ ಮಾತೇ ಇಲ್ಲ, ಎಲ್ಲ ಮುಯ್ಯಿ. ಇವತ್ತು ನೀವು ನಮ್ಮ ಮನೆಗೆ, ನಾಳೆ ನಾವು ನಿಮ್ಮ ಮನೆಗೆ. ಎಂಥ ಚಂದದ ಏರ್ಪಾಡು, ಈಗ ನೆನೆದರೂ ಮನಸ್ಸು ತುಂಬಿ ಬರುತ್ತದೆ. ಆದರೆ ದಾಸಮ್ಮ ಯಾರ ಮನೆಗೂ ಹೋದವಳಲ್ಲ. ಯಾವ ಮುಖ ಇಟ್ಟುಕೊಂಡು ಕರೆಯುವುದು?

ಹೋಗದೆ ಇದ್ದದ್ದು ಸೊಕ್ಕಿನಿಂದಲ್ಲ. ಗಂಡ ಬೀರಲಿಂಗಯ್ಯ ಎಪ್ಪತ್ತೊಂದರ ಯುದ್ಧದಲ್ಲಿ ಬಲಗಾಲು ಕಳೆದುಕೊಂಡು ಬಂದವನು. ಕಾಲಿಗಿಂತ ತಲೆಯೊಳಗೆ ಉಳಿದ ಗುಂಡಿನ ಚೂರಿನ ಕಾಟವೇ ದೊಡ್ಡದು. ಯಾವಾಗ ಬೇಕಾದರೂ ಮೂರ್ಛೆ ಬಂದು ಬಿದ್ದುಬಿಡುತ್ತಿದ್ದ. ಸರ್ಕಾರ ಪಿಂಚಣಿ ಕೊಟ್ಟಿತ್ತು, ಊರುಗೋಲು ಕೊಟ್ಟಿತ್ತು, ಮಾತ್ರೆಯನ್ನೂ ಕೊಡುತ್ತಿತ್ತು, ಸುಳ್ಳು ಹೇಳಬಾರದು. ನೋಡಿಕೊಳ್ಳುವವಳಿಗೆ ಏನು ಬೇಕಮ್ಮ ಅಂತ ಮಾತ್ರ ಯಾರೂ ಕೇಳಿರಲಿಲ್ಲ. ರಾತ್ರಿ ಅವನ ಕೈಗೂ ತನ್ನ ಕೈಗೂ ಹಳೆ ಸೀರೆಯ ಚೂರು ಕಟ್ಟಿಕೊಂಡು ಮಲಗುತ್ತಿದ್ದಳು. ಅವನು ಅದುರಿದರೆ ಎಚ್ಚರವಾಗಬೇಕಲ್ಲ. ಅದನ್ನು ನಿದ್ದೆ ಅನ್ನುವುದಾದರೆ, ಅಷ್ಟೇ ಅವಳ ನಿದ್ದೆ.

ಯಾರಿಗೂ ಹೇಳುವುದು ಬೇಡ, ಆದಷ್ಟು ಆಯೋಣ ಅಂತ ಒಬ್ಬಳೇ ತಟ್ಟೆಯ ಮುಂದೆ ಕೂತಳು. ಹುಳ ಸಾಕುವ ಊರಲ್ಲಿ ಅದೇನು ಮುಚ್ಚಿಡುವ ಸಂಗತಿಯೇ? ಬೆಳಿಗ್ಗೆ ಸೊಪ್ಪು ಕೊಯ್ಯಲು ಹೊರಡದ ಹೆಂಗಸಿನ ಮನೆಯಲ್ಲಿ ಹುಳ ಹಣ್ಣಾಗಿವೆ ಅಂತಲೇ ಅರ್ಥ. ಪಕ್ಕದ ಹೊಲದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಮುನಿರತ್ನಮ್ಮ ಕುಕ್ಕೆ ಅಲ್ಲೇ ಇಟ್ಟು ಬಂದಳು, ಬೀದಿಯ ಹೆಂಗಸರನ್ನೂ ಕಟ್ಟಿಕೊಂಡು. ಹೇಳಿ ಕಳಿಸಲಿಲ್ಲವೆಂದು ದಾಸಮ್ಮನಿಗೆ ಬೈದದ್ದೇ ಬೈದದ್ದು. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಕೈ ಮಾತ್ರ ಬಲು ಹಗುರ, ಒಂದು ಹುಳವೂ ನಲುಗುತ್ತಿರಲಿಲ್ಲ.

ಬೀರಲಿಂಗಯ್ಯ ಜಗಲಿಯಲ್ಲಿ ಗೋಡೆ ಕಡೆ ಮುಖ ಮಾಡಿಕೊಂಡಿದ್ದ. ಹೆಂಗಸರು ಬಂದು ತನ್ನ ಮನೆ ಉಳಿಸುವುದನ್ನು ನೋಡಲು ಅವನಿಗೆ ನಾಚಿಕೆ. ಮುನಿರತ್ನಮ್ಮ ಅವನ ಪಕ್ಕದಲ್ಲೊಂದು ತಟ್ಟೆ ಇಟ್ಟು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಅವನು ಒಂದು ಹುಳ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಇನ್ನೊಂದು. ಹೊತ್ತು ಇಳಿಯುವ ಮೊದಲೇ ಕೊನೆಯ ಚಂದ್ರಿಕೆಯೂ ತುಂಬಿತು.

ಹೊರಟವರ ಎದುರು ದಾಸಮ್ಮ ಅತ್ತೇಬಿಟ್ಟಳು. ಇವರನ್ನು ಬಿಟ್ಟು ಬರುವ ಹಾಗಿಲ್ಲ, ನಿಮ್ಮ ಮುಯ್ಯಿ ನಾನು ಹೇಗೆ ತೀರಿಸಲಿ ಅಂದಳು.

"ನಿನ್ನ ಯಾರು ಕರುದ್ರಮ್ಮಿ?" ಅಂದಳು ಮುನಿರತ್ನಮ್ಮ. "ನಾಡಿದ್ದು ನಮ್ಮನೆ ಹುಳ ಹಣ್ಣಾಯ್ತವೆ. ನಿನ್ ಗಂಡನ್ನ ಕಳ್ಸು. ಹುಳ ಆಯಕ್ಕೆ ಕಾಲ್ಯಾಕೆ?"

"ಅಲ್ಲಿ ಬಿದ್ಬುಟ್ರೆ, ಅಕ್ಕ?"

"ಬಿದ್ರೆ ಎತ್ತಕ್ಕೆ ಅಲ್ಲಿ ಮನೆ ತುಂಬ ಜನ ಇರ್ತೀವಿ. ಇಲ್ಲಿರೋಳು ನೀನೊಬ್ಳೇ ಕಣಮ್ಮಿ."

ಹೇಳಿದ ದಿನ ಮುನಿರತ್ನಮ್ಮನ ಗಂಡ ಸಿದ್ದಯ್ಯ ಎತ್ತಿನಗಾಡಿ ಹೂಡಿಕೊಂಡು ಬಂದ. ಬೀರಲಿಂಗಯ್ಯ ಗಡ್ಡ ಬೋಳಿಸಿ, ಒಗೆದ ಅಂಗಿ ತೊಟ್ಟು ಆಗಲೇ ಕಾಯುತ್ತಿದ್ದ. ಮಾತ್ರೆ ಯಾವಾಗ ಕೊಡಬೇಕು, ಬಿದ್ದರೆ ಹೇಗೆ ಮಗ್ಗುಲಿಗೆ ಹೊರಳಿಸಬೇಕು ಅಂತ ದಾಸಮ್ಮ ಬೀದಿಯ ತಿರುವಿನವರೆಗೂ ಗಾಡಿಯ ಹಿಂದೆ ಹೇಳಿಕೊಂಡೇ ಹೋದಳು. ಮನೆಗೆ ಬಂದರೆ ಕೈಗೆ ಕೆಲಸವೇ ತೋಚಲಿಲ್ಲ. ಎರಡು ಸಲ ಎದ್ದು ಹೊರಟವಳು ಮತ್ತೆ ಬಂದು ಬಾಗಿಲಲ್ಲಿ ಕೂತಳು.

ಸಂಜೆ ಗಾಡಿ ವಾಪಸ್ಸು ಬಂತು. ಬೀರಲಿಂಗಯ್ಯನಿಗೆ ಏನೂ ಆಗಿರಲಿಲ್ಲ. ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಮುದ್ದೆ ಉಂಡಿದ್ದ, ದಾರಿಯುದ್ದಕ್ಕೂ ಸಿದ್ದಯ್ಯನಿಗೆ ಗಡಿಯ ಚಳಿಯ ಕಥೆ ಹೇಳಿಕೊಂಡು ಬಂದಿದ್ದ. ದಾಸಮ್ಮ ಬಾಗಿಲಲ್ಲೇ ಮಲಗಿಬಿಟ್ಟಿದ್ದಳು. ಕೈಕಾಲು ಚೆಲ್ಲಿ, ಬಾಯಿ ಕೊಂಚ ತೆರೆದು, ಮೈಮೇಲೆ ಎಚ್ಚರವೇ ಇಲ್ಲದ ನಿದ್ದೆ. ಗಾಡಿಯ ಸದ್ದಿಗೂ ಏಳಲಿಲ್ಲ. ಅವನನ್ನು ಇಳಿಸಿಕೊಳ್ಳಲಿ ಅಂತ ಸಿದ್ದಯ್ಯ ಅವಳನ್ನು ಕೂಗಲು ಹೋದ. ಬೀರಲಿಂಗಯ್ಯ ಅವನ ತೋಳು ಹಿಡಿದು ನಿಲ್ಲಿಸಿದ. ಗಾಡಿಯಲ್ಲೇ ಬಾಗಿಲ ಕಡೆ ತಿರುಗಿ, ಬೆನ್ನು ನೆಟ್ಟಗೆ ಮಾಡಿ ಕೂತು, ಮೆಲ್ಲಗೆ ಹೇಳಿದ:

"ಎಬ್ಬಿಸ್ಬ್ಯಾಡ ಕಣ್ಲಾ, ನೀನೂ ಒಸಿ ಕೂತ್ಕೊ. ಈಗ ನನ್ ಡ್ಯೂಟಿ."